ರೊಪ್ಪದ ಗೊಬ್ಬರ, ಕಡಲೆಕಾಯಿ ಸಿಪ್ಪೆ

ಶಿರಾ, ಪಾವಗಡದ ಸೀಮೆಯಲ್ಲಿ ಗೊಬ್ಬರದ ವ್ಯಾಪಾರ ಹೊಸದೇನಲ್ಲ. ಖಾಲಿ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿ, ಕುರಿಗಾಹಿಗೆ ದವಸವನ್ನೋ ದುಡ್ಡನ್ನೋ ಕೊಡುವ ರೂಢಿ ಹಳೆಯದು. ಹಿಕ್ಕೆಯ ಜತೆ ಗಂಜಲವೂ ನೇರ ಮಣ್ಣಿಗೇ ಇಳಿಯುತ್ತದೆ, ಸಾಗಾಟದ ಖರ್ಚಿಲ್ಲ. ಇದಕ್ಕಿಂತ ಜಾಣ ವಹಿವಾಟು ನಾನು ಕಂಡಿಲ್ಲ.

ಈಗ ಕಾಂಪೋಸ್ಟ್ ಘಟಕ ಹಾಕಹೊರಟವರಿಗೂ ಇಲ್ಲಿ ಸರಕಿಗೆ ಬರವಿಲ್ಲ, ಬರವಿರುವುದು ಮಳೆಗೆ. ಪಾವಗಡ, ಶಿರಾದ ಕಡಲೆಕಾಯಿ ಸಿಪ್ಪೆ, ಕೊರಟಗೆರೆಯ ಅಡಿಕೆ ಸಿಪ್ಪೆ, ಮಧುಗಿರಿಯ ಹುಣಸೆ ಸಿಪ್ಪೆ: ಎಲ್ಲವೂ ಇಂಗಾಲ ತುಂಬಿದ, ಬೇಗ ಕೊಳೆಯದ ಮೊಂಡು ವಸ್ತುಗಳು. ಅವನ್ನು ಬಗ್ಗಿಸುವುದು ಸಗಣಿ, ಸಂತೆಯ ಕೊಳೆತ ತರಕಾರಿ, ರೊಪ್ಪದ ಗೊಬ್ಬರ. ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ ಕೂಡಿದರೆ ರಾಶಿ ತಾನಾಗಿ ಬಿಸಿಯೇರಿ 55–60 ಡಿಗ್ರಿ ಮುಟ್ಟುತ್ತದೆ. ಕಳೆಬೀಜ ಬಹುಪಾಲು ಅಲ್ಲೇ ಸಾಯುತ್ತದೆ. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ಪಳಗಿದ ಕೂಲಿಯಾಳು ರಾಶಿಗೆ ಕೈಯಿಟ್ಟೇ ಮಗುಚುವ ಹೊತ್ತು ಹೇಳುತ್ತಾರೆ.

ನೀರು ಕಡಿಮೆಯಿದ್ದರೆ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ‘ಬೆಂಗಳೂರು ವಿಧಾನ’ ಇದೆ. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಡುವುದು. ಮಗುಚುವ ಕೂಲಿ ಇಲ್ಲ, ತೇವ ಬೇಗ ಆರುವುದಿಲ್ಲ. ಆದರೆ ಆರೆಂಟು ತಿಂಗಳು ಕಾಯಬೇಕು; ಸಾಲದ ಕಂತು ಕಟ್ಟುವವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಅವಸರಕ್ಕೆ ಅರೆಬೆಂದದ್ದನ್ನೇ ಮೂಟೆ ಕಟ್ಟುವವರಿದ್ದಾರೆ. ರೈತರು ಮೂಟೆಯ ಮೇಲಿನ ಹೆಸರು ಓದುವ ಮೊದಲು ಒಂದು ಹಿಡಿ ತೆಗೆದು ಮೂಸುತ್ತಾರೆ. ಹಸಿ ನಾತ ಬಂದರೆ ಎಷ್ಟು ರಿಯಾಯಿತಿ ಕೊಟ್ಟರೂ ಕೊಳ್ಳುವುದಿಲ್ಲ.