ಕ್ರೀಗರ್ ಅವರ ಆಯುಧಸೂಚಿ ಮತ್ತು ಫಿಲಿಪೈನ್ಸ್ ಬೆಟ್ಟನಾಡಿನ ಅಲಗುಗಳು

ಫಿಲಿಪೈನ್ಸ್‌ನ ಸಾಂಪ್ರದಾಯಿಕ ಆಯುಧಗಳ ಅಧ್ಯಯನಕ್ಕೆ ತೊಡಗುವವರು ಇಂದಿಗೂ ತಿರುವಿಹಾಕುವ ಗ್ರಂಥಗಳಲ್ಲಿ ಹರ್ಬರ್ಟ್ ಕ್ರೀಗರ್ ಅವರ ಸೂಚಿ ಒಂದು. ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದ್ದ ಆ ದ್ವೀಪಗಳ ಆಯುಧ ಮತ್ತು ಕವಚಗಳನ್ನು ವಿವರಿಸುವ ಈ ಕೃತಿಯನ್ನು ಸ್ಮಿತ್‌ಸೋನಿಯನ್ ಸಂಸ್ಥೆ 1926ರಲ್ಲಿ ಪ್ರಕಟಿಸಿತು. ದಕ್ಷಿಣದ ಮುಸ್ಲಿಂ ಸುಲ್ತಾನರ ಸೀಮೆಯ ಕ್ರಿಸ್, ಕಂಪಿಲಾನ್ ಕತ್ತಿಗಳಿಂದ ಹಿಡಿದು ಉತ್ತರ ಲೂಜಾನ್‌ನ ಕಾರ್ಡಿಲ್ಲೆರಾ ಪರ್ವತಶ್ರೇಣಿಯ ಈಟಿ, ಕೊಡಲಿಗಳವರೆಗೆ ಹರಡಿದ ವಸ್ತುರಾಶಿಯನ್ನು ಅಲಗಿನ ಬಾಗು, ತುದಿಯ ಚೂಪು, ಹಿಡಿಯ ಕೆತ್ತನೆ ಮುಂತಾದ ಲಕ್ಷಣಗಳಿಂದ ವಿಂಗಡಿಸಿ, ಒಂದು ಪಂಗಡದ ಕತ್ತಿಯನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ಕಣ್ಣನ್ನು ಅದು ಓದುಗರಿಗೆ ಕೊಟ್ಟಿತು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಆದರೆ ಆಕಾರವನ್ನು ಇಷ್ಟು ಶ್ರದ್ಧೆಯಿಂದ ನೋಡುವ ಈ ಕೃತಿಯಲ್ಲಿ ಅಲಗನ್ನು ತಟ್ಟಿದ ಕಮ್ಮಾರನೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಳಿದ ಸಮಾಜವೂ ತೀರ ಮಸುಕಾಗಿ ಉಳಿಯುತ್ತವೆ. ಬೆಟ್ಟನಾಡಿನ ಜನರ ವಿಷಯದಲ್ಲಂತೂ ಈ ಕೊರತೆ ಸಣ್ಣದಲ್ಲ.

ಕಾರ್ಡಿಲ್ಲೆರಾದ ಕಲಿಂಗಾ ಜನರ ತಲೆಗೊಡಲಿಯನ್ನೇ ನೋಡಬಹುದು (ಒಡಿಶಾದ ಪ್ರಾಚೀನ ಕಳಿಂಗಕ್ಕೂ ಈ ಹೆಸರಿಗೂ ನಂಟಿಲ್ಲ). ಮುಂಬದಿಯಲ್ಲಿ ಒಳಬಾಗಿದ ಹರಿತವಾದ ಬಾಯಿ, ಬೆನ್ನಿನ ಕಡೆ ನೀಳವಾಗಿ ಚಾಚಿದ ಚೂಪು ಮೊನೆ, ಕೈ ಜಾರದಂತೆ ತಡೆಯುವ ಸಣ್ಣ ಗೂಟವಿರುವ ಮರದ ಹಿಡಿ, ಇವು ಮೂರೂ ಸೇರಿ ಅದರ ರೂಪವಾಗುತ್ತದೆ. ನೆರೆಯ ಬೊಂಟೊಕ್ ಜನರ ಕೊಡಲಿಯ ಬಾಯಿ ಇದಕ್ಕಿಂತ ನೇರ, ಅಲಗು ಹೆಚ್ಚು ಅಗಲ. ಸೂಚಿಯ ಚಿತ್ರಫಲಕದಲ್ಲಿ ಕಲಿಂಗಾ ಕೊಡಲಿಯ ಆ ಮೊನೆ ಶತ್ರುವಿಗಾಗಿಯೇ ಹುಟ್ಟಿದ್ದೆಂಬಂತೆ ಕಾಣುತ್ತದೆ. ಊರಿನ ಬಳಕೆಯಲ್ಲಾದರೋ ಅದನ್ನು ನೆಲಕ್ಕೆ ನೆಟ್ಟು ನಿಲ್ಲಿಸಿ, ಮೇಲ್ಮುಖವಾದ ಬಾಯಿಗೆ ಮಾಂಸದ ತುಂಡನ್ನು ಎರಡೂ ಕೈಗಳಿಂದ ಒತ್ತಿ ಕೊಯ್ಯುವುದುಂಟು. ಕಟ್ಟಿಗೆ ಸೀಳುವುದಕ್ಕೂ ಹಬ್ಬದ ಹಂದಿಯನ್ನು ಪಾಲುಮಾಡುವುದಕ್ಕೂ ಒದಗುತ್ತಿದ್ದ ಉಪಕರಣವನ್ನು ಬರೀ ಕಾದಾಟದ ಸಾಲಿಗೆ ಸೇರಿಸಿದರೆ ಅದರ ಆಯುಷ್ಯದ ಬಹುಪಾಲು ದಿನಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಈ ವಿಷಯದಲ್ಲಿ ಕ್ರೀಗರ್ ಅವರಿಗಿಂತ ಹಿಂದೆಯೇ ಬರೆದವರು ಹೆಚ್ಚು ನೆರವಾಗುತ್ತಾರೆ. ಬೊಂಟೊಕ್‌ನಲ್ಲಿ ನೆಲೆಸಿ 1905ರಲ್ಲಿ ಗ್ರಂಥ ಪ್ರಕಟಿಸಿದ ಆಲ್ಬರ್ಟ್ ಜೆಂಕ್ಸ್, ಅಲ್ಲಿನವರ ಈಟಿ ಮತ್ತು ಕೊಡಲಿಗಳು ಬಲಿವಾಂಗ್ ಎಂಬ ಊರಿನ ಕಮ್ಮಾರರಿಂದ ವಿನಿಮಯದ ಮೂಲಕ ಬರುತ್ತಿದ್ದುದನ್ನು ದಾಖಲಿಸಿದರು. ಅದೇ ಬೆಟ್ಟಸೀಮೆಯ ಟಿಂಗ್ವಿಯನ್ ಜನರ ಕುರಿತು 1922ರಲ್ಲಿ ಬರೆದ ಫೇ-ಕೂಪರ್ ಕೋಲ್ ಕುಲುಮೆಯ ಬಳಿಯೇ ನಿಂತು ನೋಡಿದವರು. ಅಲ್ಲಿನ ತಿದಿಗೆ ತೊಗಲಿಲ್ಲ. ನೆಟ್ಟಗೆ ನಿಲ್ಲಿಸಿದ ಎರಡು ಟೊಳ್ಳುಮರದ ಕೊಳವೆಗಳಲ್ಲಿ ಗರಿ ಕಟ್ಟಿದ ದೊಣ್ಣೆಗಳನ್ನು ಒಂದಾದಮೇಲೊಂದರಂತೆ ಒತ್ತಿ ಎತ್ತುತ್ತಿದ್ದರೆ ಗಾಳಿ ತಡೆಯಿಲ್ಲದೆ ಬೆಂಕಿಗೆ ಹರಿಯುತ್ತದೆ. ಇಷ್ಟು ತಿಳಿದ ಮೇಲೆ ಅದೇ ಅಲಗು ಒಂದು ಊರಿನ ಕಸುಬಾಗಿ, ಬೆಟ್ಟದಾಚೆಯ ವ್ಯಾಪಾರವಾಗಿ, ನುರಿತ ಕೈಯ ಕೆಲಸವಾಗಿ ಕಾಣತೊಡಗುತ್ತದೆ.

ರುಂಡಬೇಟೆಯ ಪ್ರಶ್ನೆಯನ್ನು ಬದಿಗೊತ್ತುವುದು ಪ್ರಾಮಾಣಿಕತೆಯಾಗದು. ವೈರಿಯ ತಲೆ ಕಡಿದು ತರುವ ಪದ್ಧತಿ ಕಾರ್ಡಿಲ್ಲೆರಾದಲ್ಲಿ ನಿಜವಾಗಿಯೂ ಇತ್ತು, ಕೊಡಲಿ ಅದಕ್ಕೆ ಬಳಕೆಯಾಗುತ್ತಿತ್ತು, ಗೌರವದ ಭರದಲ್ಲಿ ಅದನ್ನು ಅಳಿಸಿಹಾಕುವ ಇತ್ತೀಚಿನ ಬರಹಗಳೂ ಆ ಜನರ ಚರಿತ್ರೆಗೆ ನ್ಯಾಯ ಒದಗಿಸುವುದಿಲ್ಲ. ಆದರೆ 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಇಗೊರೊಟ್ ಎಂಬ ಒಟ್ಟು ಹೆಸರಿನಡಿ ಈ ಬೆಟ್ಟದ ಜನರನ್ನೇ ಪ್ರದರ್ಶನಕ್ಕಿಟ್ಟ ಅಮೆರಿಕ, ಅವರ ಹಿಂಸೆಯನ್ನು ಕುತೂಹಲದಿಂದ ನೋಡಿದಷ್ಟು ಅದನ್ನು ಹತೋಟಿಯಲ್ಲಿಡಲು ಅವರೇ ಕಟ್ಟಿಕೊಂಡಿದ್ದ ಏರ್ಪಾಟುಗಳನ್ನು ನೋಡಲಿಲ್ಲ. ಕಲಿಂಗಾ ಜನರ ಬೊಡೊಂಗ್ ಅಂಥ ಏರ್ಪಾಟು: ಎರಡು ಊರುಗಳ ನಡುವಿನ ಶಾಂತಿ ಒಡಂಬಡಿಕೆಯಾದ ಇದರಲ್ಲಿ ಎರಡೂ ಕಡೆಯ ಹೊಣೆಗಾರರು ಈಟಿ, ಕತ್ತಿಗಳಂಥ ವಸ್ತುಗಳನ್ನು ಕುರುಹಾಗಿ ಕೊಟ್ಟು ತೆಗೆದುಕೊಳ್ಳುತ್ತಾರೆ. 1970ರ ದಶಕದಲ್ಲಿ ಚಿಕೊ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಈ ಬೊಡೊಂಗ್‌ನ ಬಲದಿಂದಲೇ ಊರೂರುಗಳು ಒಂದಾದವು. ಆ ಪ್ರತಿರೋಧದ ಮುಂದಾಳು ಮಕ್ಲಿಯಿಂಗ್ ದುಲಾಗ್ ಅವರನ್ನು 1980ರ ಏಪ್ರಿಲ್ 24ರಂದು ಸೈನಿಕರು ಗುಂಡಿಟ್ಟು ಕೊಂದರು. ಶಾಂತಿಯ ಸಾಕ್ಷಿಯಾಗಿ ಕೈಬದಲಾದ ಆಯುಧಕ್ಕೂ ಕಾದಾಟದ ಆಯುಧಕ್ಕೂ ರೂಪದಲ್ಲಿ ಭೇದವಿರಬೇಕಾಗಿಲ್ಲವಾದ್ದರಿಂದ ರೂಪವನ್ನೇ ನೆಚ್ಚಿದ ಸೂಚಿಗೆ ಈ ವ್ಯತ್ಯಾಸ ದಕ್ಕುವಂತಿಲ್ಲ.

ದಕ್ಷಿಣದ ಮಿಂಡನಾವ್ ದ್ವೀಪದ ಲೇಕ್ ಸೆಬು ಎತ್ತರನಾಡಿನ ಟಿಬೋಲಿ ಜನರ ಕತ್ತಿ ಇನ್ನೊಂದು ಬಗೆಯ ಪಾಠ. ಜೇನುಮೇಣದಲ್ಲಿ ಅಚ್ಚು ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿ ಹೋದ ಟೊಳ್ಳಿಗೆ ಲೋಹ ಸುರಿಯುವ ಎರಕದಿಂದ ಅದರ ಹಿತ್ತಾಳೆಯ ಹಿಡಿ ಸಿದ್ಧವಾಗುತ್ತದೆ. ಹಿಡಿಯ ಅಂಚಿಗೆ ಕಿರುಗೆಜ್ಜೆಗಳು ತೂಗುತ್ತವೆ. ಹೊಂಚುಹಾಕುವವನಿಗೆ ಸದ್ದುಮಾಡುವ ಆಯುಧ ಹೊರೆಯೇ ಸರಿ, ಮದುವೆಯ ತೆರವಾಗಿ ಕುದುರೆ, ಜಾಗಟೆಗಳ ಜೊತೆಗೆ ಎಲ್ಲರೆದುರು ಒಪ್ಪಿಸುವ ಸೊತ್ತಿಗೆ ಮಾತ್ರ ಆ ಸದ್ದೇ ಶೋಭೆ.

ಷಿಕಾಗೊದ ಫೀಲ್ಡ್ ವಸ್ತುಸಂಗ್ರಹಾಲಯವು 20ನೆಯ ಶತಮಾನದ ಆರಂಭದಲ್ಲಿ ಕೋಲ್ ಮುಂತಾದವರು ತಂದ ಫಿಲಿಪೈನ್ಸ್ ಸಂಗ್ರಹವನ್ನು ಈಗ ಫಿಲಿಪಿನೊ ಸಮುದಾಯದವರ ಜೊತೆ ಕುಳಿತು ಮರುವ್ಯಾಖ್ಯಾನಿಸುತ್ತಿರುವುದು ಸ್ವಾಗತಾರ್ಹ. ಆ ಕೆಲಸದಲ್ಲಿ ಕ್ರೀಗರ್ ಅವರ ಸೂಚಿಯನ್ನು ಎಸೆಯುವ ಅಗತ್ಯವೇನೂ ಇಲ್ಲ. ಅಲಗಿನ ಊರು, ಕಮ್ಮಾರನ ಮನೆತನ, ಯಾರ ಮದುವೆಗೆ ಅಥವಾ ಯಾವ ಒಡಂಬಡಿಕೆಗೆ ಅದು ಕೈಬದಲಾಯಿತು ಎಂಬ ವಿವರಗಳು ಬೆಟ್ಟದ ಹಿರಿಯರ ನೆನಪಿನಲ್ಲಿ ಇರುವಾಗಲೇ ಆ ಚಿತ್ರಫಲಕಗಳ ಪಕ್ಕಕ್ಕೆ ಬಂದು ಸೇರಬೇಕಾಗಿದೆ.