ಕವಲಿನ ಚಿತ್ರದಲ್ಲಿ ಕಾಣದ ಹುರಿ

ಜೀವಶಾಸ್ತ್ರದ ಪುಸ್ತಕಗಳಲ್ಲಿ ಡಿಎನ್‌ಎ ನಕಲಾಗುವ ಚಿತ್ರ ಹೆಚ್ಚುಕಡಿಮೆ ಒಂದೇ: ಮಲಗಿಸಿದ ವೈ ಅಕ್ಷರ, ಅದರ ಕವಲಿನಲ್ಲಿ ಬಣ್ಣಬಣ್ಣದ ಉಂಡೆಗಳು. ಎಳೆ ಬಿಡಿಸಲು ಹೆಲಿಕೇಸ್, ಮೊದಲ ತುಣುಕು (ಪ್ರೈಮರ್) ಇಡಲು ಪ್ರೈಮೇಸ್, ಹೊಸ ಎಳೆ ಬೆಳೆಸಲು ಪಾಲಿಮರೇಸ್, ಬೆಸುಗೆಗೆ ಲೈಗೇಸ್. ಪರೀಕ್ಷೆಗೆ ಇಷ್ಟು ಸಾಕು. ಚಿತ್ರ ತಪ್ಪೇನಲ್ಲ. ಆದರೆ ಇಷ್ಟೊಂದು ಕಿಣ್ವಗಳು ಯಾಕೆ ಬೇಕಾದವು ಎಂಬ ಪ್ರಶ್ನೆಯನ್ನೇ ಅದು ಹುಟ್ಟಿಸುವುದಿಲ್ಲ. ನನ್ನ ತಕರಾರು ಅದು.

ಎರಡೆಳೆಯ ಹಗ್ಗವೊಂದನ್ನು ಕಂಬಕ್ಕೆ ಬಿಗಿದು, ಈಚೆ ತುದಿಯ ಎಳೆಗಳನ್ನು ಎರಡು ಕೈಯಲ್ಲಿ ಹಿಡಿದು ಸೀಳುತ್ತಾ ಹೋಗಿ. ಸ್ವಲ್ಪದರಲ್ಲೇ ಮುಂದಿನ ಹುರಿ ಬಿಗಿದು ಮುರುಟಿಕೊಳ್ಳುತ್ತದೆ. ಡಿಎನ್‌ಎಯೂ ಇಂಥದೇ ಹುರಿ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕವಲು ಸೆಕೆಂಡಿಗೆ ಸುಮಾರು 1000 ಬೇಸ್ ಜೋಡಿಗಳಷ್ಟು ಸರಿಯುತ್ತದೆ. ಹತ್ತೂವರೆ ಜೋಡಿಗೆ ಒಂದು ಸುತ್ತಿನಂತೆ, ಸೆಕೆಂಡಿಗೆ ನೂರರ ಹತ್ತಿರ ಸುತ್ತು ಬಿಚ್ಚಬೇಕು. ಅದರ ಡಿಎನ್‌ಎಯೋ ಉಂಗುರ, ತಿರುಗಿಸಿ ಬಿಡಲು ತುದಿಯೇ ಇಲ್ಲ. ಗೈರೇಸ್ ಎಂಬ ಕಿಣ್ವ ಇಲ್ಲಿ ನೆರವಿಗೆ ಬರುತ್ತದೆ: ಎರಡೂ ಎಳೆ ಕತ್ತರಿಸಿ, ಆ ಸಂದಿಯಲ್ಲಿ ಡಿಎನ್‌ಎಯ ಇನ್ನೊಂದು ಭಾಗವನ್ನು ತೂರಿಸಿ, ಮತ್ತೆ ಬೆಸೆಯುತ್ತದೆ. 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್ ತಂಡ ಗುರುತಿಸಿದ ಈ ಕಿಣ್ವಕ್ಕೆ ಎಷ್ಟೋ ಚಿತ್ರಗಳಲ್ಲಿ ಜಾಗವಿಲ್ಲ. ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ಹಿಡಿಯುವುದು ಇದನ್ನೇ: ಕತ್ತರಿಸಿದ್ದು ಬೆಸೆಯದಂತೆ ತಡೆದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಮಾತ್ರೆ ನುಂಗಿದ ಹುಡುಗನಿಗೂ ಪಾಠದಲ್ಲಿ ಅದರ ಗುರಿ ಸಿಗುವುದಿಲ್ಲ!

ಪಾಲಿಮರೇಸ್ ಎಂಬ ಏಕವಚನವೂ ದಾರಿ ತಪ್ಪಿಸುತ್ತದೆ. ಆರ್ಥರ್ ಕಾರ್ನ್‌ಬರ್ಗ್ ಬೇರ್ಪಡಿಸಿದ ಪಾಲಿಮರೇಸ್ ಕಿಣ್ವ ಪ್ರನಾಳದಲ್ಲಿ ಡಿಎನ್‌ಎ ಕಟ್ಟಿತು. 1959ರಲ್ಲಿ ಅವರಿಗೆ ನೊಬೆಲ್ ಬಂತು. ಹತ್ತು ವರ್ಷ ಕಳೆದು ಪೌಲಾ ಡಿ ಲೂಸಿಯಾ ಮತ್ತು ಜಾನ್ ಕೇರ್ನ್ಸ್, ಆ ಕಿಣ್ವದ ಚಟುವಟಿಕೆ ಬಹುತೇಕ ಇಲ್ಲದ ಇ. ಕೋಲಿ ತಳಿಯೊಂದನ್ನು ಹೆಕ್ಕಿ ತೆಗೆದರು. ಅತಿನೇರಳೆ ಕಿರಣಕ್ಕೆ ಬೇಗ ಸಾಯುತ್ತಿತ್ತು, ಉಳಿದಂತೆ ಹಾಯಾಗಿ ಬೆಳೆಯುತ್ತಿತ್ತು. ಅಂದರೆ ನಕಲಿನ ಮುಖ್ಯ ಕೆಲಸಗಾರ ಬೇರೆ ಯಾರೋ. ಆ ಕೆಲಸಗಾರನಾದ ಪಾಲಿಮರೇಸ್ 3 ಅನ್ನು ಮಾಲ್ಕಮ್ ಗೆಫ್ಟರ್ ಜೊತೆ ಹಿಡಿದವರು ಆರ್ಥರ್ ಅವರ ಮಗ, ಚೆಲೋ ವಾದನ ಕಲಿಯುತ್ತಿದ್ದ ಥಾಮಸ್. ಅಪ್ಪನ ಕಿಣ್ವಕ್ಕೆ ಉಳಿದದ್ದು ಪ್ರೈಮರ್ ತೆಗೆದು ಸಂದು ತುಂಬುವ ಕೆಲಸ, ಜೊತೆಗೆ ರಿಪೇರಿ. ಪುಸ್ತಕಗಳು ಈ ಕಥೆ ಹೇಳಿದ್ದರೆ ಮಕ್ಕಳಿಗೆ ಹೆಸರುಗಳ ಪಟ್ಟಿ ಉರು ಹೊಡೆಯುವ ಕಷ್ಟ ಅರ್ಧ ತಪ್ಪುತ್ತಿತ್ತು.

ಇನ್ನು ಒಕಾಜಾಕಿ ತುಣುಕುಗಳು, ಅಂದರೆ ಎರಡು ಎಳೆಗಳಲ್ಲಿ ಹಿಂದುಳಿಯುವ ಎಳೆ ನಕಲಾಗುವಾಗ ಹುಟ್ಟುವ ಚಿಕ್ಕ ತುಂಡುಗಳು. ಚಿತ್ರದಲ್ಲಿ ಎರಡು ಪಾಲಿಮರೇಸ್‌ಗಳು ಜಗಳವಾಡಿದಂತೆ ಬೆನ್ನು ತಿರುಗಿಸಿ ಹೊರಟಿರುತ್ತವೆ. ಜೀವಕೋಶದಲ್ಲಿ ಅವು ಒಂದೇ ಯಂತ್ರಕ್ಕೆ ಕಟ್ಟಿಕೊಂಡು ಒಟ್ಟಿಗೆ ಸಾಗುತ್ತವೆ. ಹಿಂದುಳಿಯುವ ಎಳೆ ಕುಣಿಕೆಯಾಗಿ ಉದ್ದವಾಗುತ್ತಾ, ಒಂದು ತುಣುಕು ಮುಗಿದೊಡನೆ ಬಿಚ್ಚಿಕೊಂಡು, ಮತ್ತೆ ಕುಣಿಕೆಯಾಗುತ್ತದೆ.