ಸಿನಿಮಾಕ್ಕೆ ಹೊರಟವಳು

ನಮ್ಮ ಮನೆಯವರು ಕ್ರಿಕೆಟ್ ನೋಡಲು ಕುಳಿತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುವವರಲ್ಲ. ಅದಕ್ಕೇ ಇರಬೇಕು, ಇಟಲಿಯ ಪಾವ್ಲೊ ಕೊಂತೆ 1979ರಲ್ಲಿ ಹಾಡಿದ ‘ಬಾರ್ತಾಲಿ’ ಎಂಬ ಹಾಡಿನ ಅರ್ಥವನ್ನು ಮಗಳು ಬಿಡಿಸಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

ಜೀನೊ ಬಾರ್ತಾಲಿ ಇಟಲಿಯ ಹೆಸರಾಂತ ಸೈಕಲ್ ಪಟು. ಫ್ರಾನ್ಸಿನ ದೊಡ್ಡ ಪಂದ್ಯ ‘ಟೂರ್ ದ ಫ್ರಾನ್ಸ್’ ಅನ್ನು 1938ರಲ್ಲಿ ಗೆದ್ದ. ನಡುವೆ ಮಹಾಯುದ್ಧ ಬಂತು. ಹತ್ತು ವರ್ಷಗಳ ನಂತರ, 1948ರಲ್ಲಿ, ತನ್ನ 34ನೆಯ ವಯಸ್ಸಿನಲ್ಲಿ ಮತ್ತೆ ಗೆದ್ದ. ಇಂಥವನ ಮೇಲಿನ ಹಾಡೆಂದರೆ ಜಯಘೋಷವಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಒಬ್ಬ ಸಾಮಾನ್ಯ ಗಂಡಸು ರಸ್ತೆಬದಿಯಲ್ಲಿ ಕುಳಿತಿದ್ದಾನೆ. ತಿರುವಿನಲ್ಲಿ ಬಾರ್ತಾಲಿ ಕಾಣಿಸಿಕೊಳ್ಳಲೆಂದು ಕಾಯುತ್ತಿದ್ದಾನೆ, ಅಷ್ಟೇ. ಜೊತೆಯಲ್ಲಿರುವವಳಿಗೆ ಸಿನಿಮಾಕ್ಕೆ ಹೋಗುವ ಆಸೆ. ಬೇಕಿದ್ದರೆ ನೀನೇ ಹೋಗು ಅನ್ನುತ್ತಾನೆ.

ಹಾಡಿನ ಹೆಚ್ಚುಗಾರಿಕೆ ಇಲ್ಲೇ ಇದೆ. ಪದಕಗಳನ್ನು ಎಣಿಸುವ ಹೊಗಳಿಕೆ ಬೇಗ ಹಳಸುತ್ತದೆ. ಕೊಂತೆ ಹಾಡಿದ್ದು ಕಾಯುವವನನ್ನು. ಬಡತನದ ನಡುವೆಯೂ ಒಬ್ಬನ ಬರವಿಗಾಗಿ ದಾರಿ ನೋಡುವ ಸುಖವನ್ನು. ಅವಳ ಸಿಡುಕನ್ನೂ ಆತ ಬಿಟ್ಟಿಲ್ಲ. ಆದರೆ ಅವಳ ಉತ್ತರವನ್ನು ಬಿಟ್ಟುಬಿಟ್ಟ. ಅವಳು ಹೋದಳೇ? ಯಾವ ಸಿನಿಮಾ ನೋಡಿದಳು? ಹಾಡು ಮುಗಿದರೂ ನನ್ನ ಮನಸ್ಸು ಅವಳ ಹಿಂದೆಯೇ ಹೋಗುತ್ತದೆ.

ಹೆಣ್ಣಿನ ಜಾಗ ರಸ್ತೆಬದಿಯಲ್ಲೇ ಇರಬೇಕಾಗಿರಲಿಲ್ಲ. ಅದೇ ಇಟಲಿಯಲ್ಲಿ, ಬಾರ್ತಾಲಿ ಇನ್ನೂ ಹುಡುಗನಾಗಿದ್ದ 1924ರಲ್ಲಿ, ಅಲ್ಫೊನ್ಸೀನಾ ಸ್ತ್ರಾದಾ ಎಂಬ ಹೆಂಗಸು ‘ಜಿರೊ ದಿತಾಲಿಯಾ’ ಪಂದ್ಯದಲ್ಲಿ ಗಂಡಸರ ಜೊತೆ ಸೈಕಲ್ ತುಳಿದಳು. ಒಂದು ಹಂತದಲ್ಲಿ ಗಡುವು ಮೀರಿತೆಂದು ಲೆಕ್ಕದಿಂದ ಹೊರಗಾದಳು. ಆದರೂ ನಿಲ್ಲಿಸದೆ ಮಿಲಾನ್ ತಲುಪಿದಳು. ಪಂದ್ಯದ ದೂರ ಮೂರೂವರೆ ಸಾವಿರ ಕಿಲೋಮೀಟರಿಗೂ ಮಿಗಿಲು. ಹೊರಟ 90 ಸ್ಪರ್ಧಿಗಳಲ್ಲಿ ಸುಮಾರು 60 ಮಂದಿ ದಾರಿಯಲ್ಲೇ ಉಳಿದಿದ್ದರು! ‘ತೇತ್ ದ ಬ್ವಾ’ ಎಂಬ ತಂಡ ಅವಳ ಮೇಲೆ ಹಾಡು ಕಟ್ಟಿದ್ದು 2010ರಲ್ಲಿ. ಅಷ್ಟರಲ್ಲಿ ಅವಳು ತೀರಿಕೊಂಡು ಐವತ್ತು ವರ್ಷ ಕಳೆದಿತ್ತು.

ನಾನು ನಿಷ್ಪಕ್ಷಪಾತಿಯಲ್ಲ, ಒಪ್ಪಿಕೊಳ್ಳುತ್ತೇನೆ. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲು ತುಳಿದು, ಮೊಣಕಾಲು ಕೆತ್ತಿಸಿಕೊಂಡು ಕಲಿತವಳು ನಾನು. ದೊಡ್ಡವಳಾದ ಮೇಲೆ ಅಜ್ಜಿ ಅದನ್ನು ಮುಟ್ಟಗೊಡಲಿಲ್ಲ. ಆಮೇಲೆ ಅಣ್ಣ ಸೈಕಲ್ ಹತ್ತಿ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುವುದಷ್ಟೇ ನನ್ನ ಪಾಲಿಗೆ ಉಳಿಯಿತು. ‘ಬಾರ್ತಾಲಿ’ ಕೇಳುವಾಗ ಆ ಬಾಗಿಲು ನೆನಪಾಗುತ್ತದೆ. ಹಾಡು ಮಾತ್ರ ಚೆನ್ನಾಗಿದೆ; ಎರಡನೆಯ ಸಲ ಹಾಕಿಸಿಕೊಂಡೂ ಕೇಳಿದೆ.

ಕಳೆದ ಭಾನುವಾರ ಮತ್ತೆ ಮ್ಯಾಚ್ ಇತ್ತು. “ಸಿನಿಮಾಕ್ಕೆ ಹೋಗೋಣವೇನ್ರೀ?” ಎಂದೆ. “ನೀನು ಹೋಗಿ ಬಾರೇ,” ಎಂದರು ಟಿ.ವಿ.ಯಿಂದ ಕಣ್ಣು ತೆಗೆಯದೆ. ನಮ್ಮ ಶಾಲೆಯ ಹಿಂದಿ ಟೀಚರನ್ನು ಜೊತೆ ಮಾಡಿಕೊಂಡು ನಿಜವಾಗಿಯೂ ಹೋಗಿಬಿಟ್ಟೆ. ಮನೆಗೆ ಬಂದಾಗ ಮ್ಯಾಚ್ ಇನ್ನೂ ಮುಗಿದಿರಲಿಲ್ಲ.